ಲಿನಕ್ಸ್ ಕರ್ನಲ್ ಸೆಕ್ಯುರಿಟಿ ಅಪ್‌ಡೇಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಬುಂಟು, ಡೆಬಿಯನ್, ಫೆಡೋರಾ ತರದ ಲಿನಕ್ಸ್ ಆವೃತ್ತಿ (ಡಿಸ್ಟ್ರೋ) ಹಾಕ್ಕೊಂಡಿರೋರು, ಆಫೀಸಲ್ಲಿ ಒಂದೆರಡು ಸರ್ವರ್ ನೋಡ್ಕೊಳ್ಳೋರು, ಕಾಲೇಜ್ ಲ್ಯಾಬ್ ಜವಾಬ್ದಾರಿ ತಲೆ ಮೇಲೆ ಬಿದ್ದಿರೋರು ಫೋನ್ ಮಾಡಿ ಮೆಸೇಜ್ ಹಾಕಿ ಕೇಳೋ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಂದೇ ಕಡೆ ಬರೆದಿಟ್ಟಿದೀನಿ. ಎಲ್ಲ ಓದೋಕೆ ಟೈಮ್ ಇಲ್ಲ ಅಂದ್ರೆ ಎರಡನೇದು ಮತ್ತೆ ನಾಲ್ಕನೇದು ಎರಡನ್ನಾದ್ರೂ ಓದಿ.

1. ಕರ್ನಲ್ ಅಂದ್ರೆ ಏನು, ಅದಕ್ಕೆ ಯಾಕೆ ಇಷ್ಟು ತಲೆ ಕೆಡಿಸ್ಕೋಬೇಕು?

ನಿಮ್ಮ ಬ್ರೌಸರ್ರು, ಆಫೀಸ್ ಸಾಫ್ಟ್‌ವೇರು, ಹಾಡು ಕೇಳೋ ಪ್ಲೇಯರ್ರು ಯಾವ್ದೂ ಹಾರ್ಡ್‌ಡಿಸ್ಕನ್ನ, ಮೆಮೊರೀನ, ವೈಫೈನ ನೇರವಾಗಿ ಮುಟ್ಟಲ್ಲ. ಎಲ್ಲದಕ್ಕೂ ಆಪರೇಟಿಂಗ್ ಸಿಸ್ಟಮಿನ ತಿರುಳಾದ ಕರ್ನಲ್ ಹತ್ರ ಕೇಳ್ಕೋಬೇಕು. ಯಾವ ಫೈಲು ಯಾರು ಓದಬಹುದು, ಯಾರು ಬರೀಬಹುದು ಅಂತ ತೀರ್ಮಾನ ಮಾಡೋದೂ ಅದೇ. ಹಾಗಾಗಿ ಬ್ರೌಸರಲ್ಲಿ ಒಂದು ಲೋಪ ಇದ್ರೆ ಆ ಯೂಸರ್ ಅಕೌಂಟಿನ ಮಟ್ಟಿಗೆ ಹಾನಿ, ಆದ್ರೆ ಕರ್ನಲಲ್ಲಿ ಲೋಪ ಇದ್ರೆ ಸಾಮಾನ್ಯ ಯೂಸರ್ ಆಗಿ ಒಳಗೆ ಬಂದವನು ರೂಟ್, ಅಂದ್ರೆ ಎಲ್ಲ ಅಧಿಕಾರ ಇರೋ ಯೂಸರ್, ಆಗಿಬಿಡಬಹುದು, ಆಮೇಲೆ ಪಾಸ್‌ವರ್ಡು, ಪರ್ಮಿಶನ್ನು, ಫೈರ್‌ವಾಲು ಯಾವ್ದೂ ಅವನನ್ನ ತಡೆಯಲ್ಲ.

2. ಅಪ್‌ಡೇಟ್ ಇನ್‌ಸ್ಟಾಲ್ ಆಯ್ತು ಅಂತ ತೋರಿಸ್ತು, ಆದ್ರೂ ರೀಬೂಟ್ ಮಾಡ್ಲೇಬೇಕಾ?

ಮಾಡ್ಲೇಬೇಕು. ಇನ್‌ಸ್ಟಾಲ್ ಆದಾಗ ಹೊಸ ಕರ್ನಲ್ ಬರೀ ಡಿಸ್ಕಿಗೆ ಬಂದು ಕೂತಿರತ್ತೆ, ಮೆಮೊರೀಲಿ ಓಡ್ತಿರೋದು ನೀವು ಕೊನೇ ಸಲ ಆನ್ ಮಾಡಿದಾಗ ಲೋಡ್ ಆದ ಹಳೇದೇ. ಮನೆಗೆ ಹೊಸ ಬೀಗ ತಂದು ಮೇಜಿನ ಮೇಲಿಟ್ಟು ಬಾಗಿಲಿಗೆ ಹಳೇ ಬೀಗಾನೇ ಹಾಕ್ಕೊಂಡು ಮಲಗಿದ ಹಾಗೆ. ಉಬುಂಟುವಲ್ಲಿ ಸೆಕ್ಯುರಿಟಿ ಅಪ್‌ಡೇಟ್‌ಗಳು ತಾವಾಗೇ ಇನ್‌ಸ್ಟಾಲ್ ಆಗೋ ವ್ಯವಸ್ಥೆ ಮೊದಲಿಂದ್ಲೇ ಆನ್ ಇರತ್ತೆ, ಆದ್ರೆ ತಾನಾಗೇ ರೀಬೂಟ್ ಆಗೋದು ಮಾತ್ರ ಆಫ್ ಇರತ್ತೆ, ಇದು ತುಂಬ ಜನಕ್ಕೆ ಗೊತ್ತಿಲ್ಲ, ಎಲ್ಲ ಅದೇ ನೋಡ್ಕೊಳ್ಳತ್ತೆ ಅಂತ ನಂಬ್ಕೊಂಡು ತಿಂಗಳುಗಟ್ಟಲೆ ಹಳೇ ಕರ್ನಲ್ಲಲ್ಲೇ ಓಡಿಸ್ತಿರ್ತಾರೆ. ಸರ್ವರ್ ಒಂದು ವರ್ಷದಿಂದ ಆಫೇ ಆಗಿಲ್ಲ ಅಂತ ಕೆಲವ್ರು ಹೆಮ್ಮೆಯಿಂದ ಹೇಳ್ತಾರೆ. ನನಗೆ ಅದನ್ನ ಕೇಳಿದ್ರೆ ಭಯ ಆಗತ್ತೆ, ಯಾಕಂದ್ರೆ ಲೈವ್‌ಪ್ಯಾಚ್ (ರೀಬೂಟ್ ಇಲ್ದೇ ಓಡ್ತಿರೋ ಕರ್ನಲನ್ನೇ ಸರಿ ಮಾಡೋದು, 15ನೇದು ನೋಡಿ) ಹಾಕಿಲ್ಲ ಅಂದ್ರೆ ಒಂದು ವರ್ಷದಲ್ಲಿ ಬಂದ ಒಂದೇ ಒಂದು ಕರ್ನಲ್ ಫಿಕ್ಸೂ ಆ ಮಶೀನಿಗೆ ತಾಗಿಲ್ಲ ಅಂತ ಅದರ ಅರ್ಥ.

3. ಈಗ ಓಡ್ತಿರೋ ಕರ್ನಲ್ ಯಾವ್ದು ಅಂತ ನೋಡೋದು ಹೇಗೆ?

ಟರ್ಮಿನಲ್ ತೆಗೆದು ಯೂನೇಮ್, ಒಂದು ಸ್ಪೇಸು, ಹೈಫನ್ನು, ಸಣ್ಣಕ್ಷರದ ಆರ್ (uname -r) ಟೈಪ್ ಮಾಡಿ ಎಂಟರ್ ಹೊಡೀರಿ. ಬರೋ ನಂಬರೇ ಈಗ ಮೆಮೊರೀಲಿ ಇರೋದು. ಅದನ್ನ ಬೂಟ್ ಫೋಲ್ಡರಲ್ಲಿರೋ ಎಲ್ಲಕ್ಕಿಂತ ಹೊಸ ಕರ್ನಲ್ ಫೈಲಿನ ನಂಬರ್ ಜೊತೆ ಹೋಲಿಸಿ, ಎರಡೂ ಬೇರೆ ಇದ್ರೆ ರೀಬೂಟ್ ಬಾಕಿ ಇದೆ ಅಂತ. ಇಡೀ ಲ್ಯಾಬ್ ನೋಡ್ಕೊಳ್ಳೋರು ವಾರಕ್ಕೊಂದ್ಸಲ ಇದಷ್ಟನ್ನೇ ಚೆಕ್ ಮಾಡಿದ್ರೂ ದೊಡ್ಡ ಕೆಲಸ.

4. ಒಂದೆರಡು ತಿಂಗಳು ತಡ ಆದ್ರೆ ಏನು ಮಹಾ? ಇಷ್ಟು ದಿನ ಏನೂ ಆಗಿಲ್ವಲ್ಲ?

ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. ಅಪ್‌ಡೇಟ್ ಬರೋಕೆ ಮುಂಚೆ ಆ ಲೋಪ ಬೆರಳೆಣಿಕೆ ಜನಕ್ಕೆ ಗೊತ್ತಿರತ್ತೆ, ಇಲ್ಲಾ ಯಾರಿಗೂ ಗೊತ್ತಿರಲ್ಲ. ಅಪ್‌ಡೇಟ್ ಬಂದ ದಿನ ಎಲ್ಲರಿಗೂ ಗೊತ್ತಾಗತ್ತೆ. ಲಿನಕ್ಸ್ ಕೋಡ್ ತೆರೆದೇ ಇರೋದ್ರಿಂದ ಪ್ಯಾಚೂ, ಅಂದ್ರೆ ಲೋಪ ಸರಿ ಮಾಡೋ ಕೋಡ್ ಬದಲಾವಣೇನೂ, ತೆರೆದೇ ಇರತ್ತೆ, ಯಾವ ಫೈಲಲ್ಲಿ ಯಾವ ಸಾಲು ಬದಲಾಯ್ತು ಅಂತ ನೋಡಿದ್ರೆ ಸಾಕು, ಹಳೇ ಕರ್ನಲಲ್ಲಿ ಎಲ್ಲಿಂದ ನುಗ್ಗಬಹುದು ಅಂತ ಗೊತ್ತಿರೋರಿಗೆ ಗೊತ್ತಾಗಿಬಿಡತ್ತೆ. ಅಂದ್ರೆ ಫಿಕ್ಸ್ ಬಂದಿದೆ, ನೀವು ಹಾಕಿಲ್ಲ, ಆ ನಡುವಿನ ದಿನಗಳೇ ಎಲ್ಲಕ್ಕಿಂತ ಅಪಾಯದ್ದು. ಇಷ್ಟು ದಿನ ಏನೂ ಆಗಿಲ್ಲ ಅನ್ನೋದು ಪ್ಯಾಚ್ ಬರೋಕೆ ಮುಂಚಿನ ಲೆಕ್ಕ, ಬಂದ ಮೇಲೆ ಆ ಲೆಕ್ಕ ನಡೆಯಲ್ಲ.

ವಿಂಡೋಸ್ ಕಡೆಯ ಉದಾಹರಣೆ ಎಲ್ಲರಿಗೂ ನೆನಪಿರತ್ತೆ. ಮೈಕ್ರೋಸಾಫ್ಟ್ ಫೈಲ್ ಶೇರಿಂಗಿನ ಲೋಪಕ್ಕೆ 2017ರ ಮಾರ್ಚ್ 14ಕ್ಕೆ ಪ್ಯಾಚ್ ಕೊಟ್ಟಿತ್ತು, ಫೈಲ್‌ಗಳನ್ನ ಲಾಕ್ ಮಾಡಿ ದುಡ್ಡು ಕೇಳೋ ವಾನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಮೇ 12ಕ್ಕೆ. ಮಧ್ಯೆ ಐವತ್ತೊಂಬತ್ತು ದಿನ ಇತ್ತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಅಪಾಯಿಂಟ್‌ಮೆಂಟು, ಆಪರೇಶನ್ನು ಮುಂದಕ್ಕೆ ಹಾಕಬೇಕಾಗಿ ಬಂತು.

5. ಒಂದು ಸಣ್ಣ ಬಗ್ಗಿಂದ ಇಡೀ ಸಿಸ್ಟಮ್ ಕೈ ತಪ್ಪಿ ಹೋಗತ್ತಾ?

ಡರ್ಟಿ ಪೈಪ್ ಅನ್ನೋ ಕರ್ನಲ್ ಲೋಪದ ಕತೆ ಕೇಳಿ. ಜರ್ಮನಿಯ ಒಂದು ಹೋಸ್ಟಿಂಗ್ ಕಂಪನೀಲಿ ಮ್ಯಾಕ್ಸ್ ಕೆಲ್ಲರ್‌ಮನ್ ಅನ್ನೋ ಇಂಜಿನಿಯರ್ ಹತ್ರ ಒಂದು ದೂರು ಬಂತು, ಡೌನ್‌ಲೋಡ್ ಮಾಡಿದ ಲಾಗ್ ಫೈಲ್ ಬಿಚ್ಚೋಕೆ ಆಗ್ತಿಲ್ಲ ಅಂತ. ಒಂದು ಫೈಲ್ ಕೆಟ್ಟಿದೆ ಅಂತ ಸರಿ ಮಾಡಿ ಸುಮ್ಮನಾದ್ರು. ತಿಂಗಳುಗಳು ಕಳೆದ ಹಾಗೆ ಅದೇ ದೂರು ಮತ್ತೆ ಮತ್ತೆ. ಕೂತು ನೋಡಿದ್ರೆ ಕೆಟ್ಟ ಫೈಲುಗಳಲ್ಲಿ ಹೆಚ್ಚಿನವು ತಿಂಗಳ ಕೊನೇ ದಿನದ್ದು, ಕೆಟ್ಟಿರೋದೂ ಕೊನೇ ಎಂಟು ಬೈಟ್ ಮಾತ್ರ, ಆ ಎಂಟು ಬೈಟಲ್ಲಿ ಕೂತಿರೋದು ಜಿಪ್ ಫೈಲಿನ ಹೆಡರಿನ ಶುರುವಿನ ಅಕ್ಷರಗಳು. ಆದ್ರೆ ಜಿಪ್ ಮಾಡ್ತಿದ್ದ ಪ್ರೋಗ್ರಾಮಿಗೆ ಆ ಲಾಗ್ ಫೈಲಿಗೆ ಬರೆಯೋ ಪರ್ಮಿಶನ್ನೇ ಇರ್ಲಿಲ್ಲ!

ಕೊನೆಗೆ ಅವರು ಎರಡು ಪುಟ್ಟ ಪ್ರೋಗ್ರಾಮ್ ಬರೆದ್ರು. ಒಂದು ಫೈಲಿಗೆ ಬರೀ ಎ ಅಕ್ಷರ ಬರೀತಾ ಹೋಗತ್ತೆ, ಇನ್ನೊಂದು ಆ ಫೈಲನ್ನ ಓದಿ ಪೈಪಿಗೆ (ಒಂದು ಪ್ರೋಗ್ರಾಮಿಂದ ಇನ್ನೊಂದಕ್ಕೆ ಡೇಟಾ ಹರಿಸೋ ದಾರಿ) ಸಾಗಿಸಿ ಪೈಪಿಗೆ ಬಿ ಅಕ್ಷರ ಸೇರಿಸತ್ತೆ. ಯಾರೂ ಫೈಲಿಗೆ ಬಿ ಬರೆದಿಲ್ಲ, ಆದ್ರೂ ಫೈಲಲ್ಲಿ ಬಿ ಬಂದು ಕೂತಿತ್ತು. ಅಲ್ಲಿಗೆ ತಪ್ಪು ಕರ್ನಲ್ಲಿಂದೇ ಅಂತ ಖಾತ್ರಿ ಆಯ್ತು. ಕಾರಣ ಇಷ್ಟೇ, ಪೈಪಿನ ಬಫರಿಗೆ ಸಂಬಂಧಪಟ್ಟ ಒಂದು ಫ್ಲ್ಯಾಗನ್ನ ಸೊನ್ನೆ ಮಾಡದೆ ಬಿಟ್ಟಿದ್ರು, ಹಳೇ ವ್ಯಾಲ್ಯೂ ಹಾಗೇ ಉಳ್ಕೊಂಡಿತ್ತು. ಫಿಕ್ಸ್ ಅಂದ್ರೆ ಎರಡು ಕಡೆ ಒಂದೊಂದು ಸಾಲು, ಅದನ್ನ ಸೊನ್ನೆ ಮಾಡೋದು. ಆ ಎರಡು ಸಾಲು ಇಲ್ದೇ ಇದ್ದಿದ್ರಿಂದ 5.8 ಮತ್ತೆ ಅದಾದ ಮೇಲಿನ ಕರ್ನಲ್ ಇದ್ದ ಯಾವ ಸಿಸ್ಟಮಲ್ಲಾದ್ರೂ ಸಾಮಾನ್ಯ ಯೂಸರ್, ಓದೋಕೆ ಮಾತ್ರ ಪರ್ಮಿಶನ್ ಇರೋ ಫೈಲನ್ನ ತಿದ್ದಬಹುದಿತ್ತು, ಪಾಸ್‌ವರ್ಡ್ ಫೈಲು ಸೇರಿ. ಫಿಕ್ಸ್ ಬಂದಿದ್ದು 2022ರ ಫೆಬ್ರವರೀಲಿ, 5.16.11, 5.15.25, 5.10.102ರಲ್ಲಿ. ಮಾರ್ಚ್ 7ಕ್ಕೆ ಪೂರ್ತಿ ವಿವರ ಬಹಿರಂಗ ಆಯ್ತು.

ಫೈಲ್ ಕೆಟ್ಟಿದೆ ಅನ್ನೋ ಒಂದು ಮಾಮೂಲಿ ಬಗ್ಗೇ ಆಮೇಲೆ ಸೆಕ್ಯುರಿಟಿ ಲೋಪ ಆಗಿ ನಿಂತಿದ್ದು ನೋಡಿ. ಅದಕ್ಕೇ ಇದು ಬರೀ ಬಗ್ ಫಿಕ್ಸ್, ಸೆಕ್ಯುರಿಟಿ ಅಲ್ಲ, ಆಮೇಲೆ ಹಾಕಿದ್ರಾಯ್ತು ಅಂತ ಬೇರೆ ಮಾಡಿ ಇಡಬೇಡಿ.

6. ಹಳೇ ಕರ್ನಲ್ ಅಂದ್ರೆ ಪಳಗಿದ್ದು, ಅದೇ ಸೇಫ್ ಅಲ್ವಾ?

ಅಲ್ಲ. ಡರ್ಟಿ ಕೌ ಲೋಪ 2007ರ 2.6.22 ಕರ್ನಲ್ಲಿಂದ ಇತ್ತು, ಸರಿ ಆಗಿದ್ದು 2016ರ ಅಕ್ಟೋಬರಲ್ಲಿ. ಒಂಬತ್ತು ವರ್ಷ! ಅದನ್ನ ಫಿಲ್ ಓಸ್ಟರ್ ಅನ್ನೋರು ಕಂಡುಹಿಡಿದಿದ್ದು ದಾಳಿಗೆ ಒಳಗಾದ ಒಂದು ಸರ್ವರಿಗೆ ಬಂದಿದ್ದ ಟ್ರಾಫಿಕ್ ರೆಕಾರ್ಡನ್ನ ಜಾಲಾಡಿ, ಅಂದ್ರೆ ಫಿಕ್ಸ್ ಬರೋಕೆ ಮುಂಚೇನೇ ಯಾರೋ ಅದನ್ನ ಬಳಸ್ತಿದ್ರು. ಲಿನಕ್ಸ್ ಶುರು ಮಾಡಿದ ಲೈನಸ್ ಟೊರ್ವಾಲ್ಡ್ಸ್ ಆ ಫಿಕ್ಸ್ ಜೊತೆ ಬರೆದ ಟಿಪ್ಪಣೀಲಿ, ಇದರ ಮೂಲ ತಪ್ಪನ್ನ ಹನ್ನೊಂದು ವರ್ಷದ ಹಿಂದೆ ಒಂದ್ಸಲ ಸರಿ ಮಾಡೋಕೆ ಹೋಗಿದ್ದೆ, ಬೇರೆ ತೊಂದರೆಯಿಂದ ಅದನ್ನ ವಾಪಸ್ ತೆಗೀಬೇಕಾಯ್ತು ಅಂತ ನೇರವಾಗಿ ಹೇಳಿದಾರೆ. ಇನ್ನೊಂದು, ಕರ್ನಲಿನ ಫೈರ್‌ವಾಲ್ ಭಾಗವಾದ ನೆಟ್‌ಫಿಲ್ಟರಿನ ಸಿವಿಇ 2024-1086 (ಸಿವಿಇ ಅಂದ್ರೆ ಬಯಲಾದ ಲೋಪಕ್ಕೆ ಕೊಡೋ ಗುರುತಿನ ನಂಬರ್), ಅದು 2014ರ 3.15ರಿಂದ ಇದ್ದ ಲೋಪ. ಫಿಕ್ಸ್ 2024ರ ಜನವರೀಲಿ ಬಂತು. ಮೇ ತಿಂಗಳಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಸೀಸಾ ಇದನ್ನ ನಿಜವಾದ ದಾಳೀಲಿ ಬಳಕೆ ಆಗ್ತಿರೋ ಲೋಪಗಳ ಪಟ್ಟಿಗೆ ಸೇರಿಸ್ತು. ನಾಲ್ಕು ತಿಂಗಳ ಹಿಂದೆ ಫಿಕ್ಸ್ ಆಗಿದ್ದಕ್ಕೆ ಮೇ ತಿಂಗಳಲ್ಲೂ ಜನ ಬಲಿ ಆಗ್ತಿದ್ರು.

7. ಒಂದು ಫಿಕ್ಸ್ ನಮ್ಮ ಲ್ಯಾಪ್‌ಟಾಪ್ ತನಕ ಬರೋದು ಹೇಗೆ?

ಮೊದಲು ಅದು ಲೈನಸ್ ಅವರ ಮುಖ್ಯ ಕೋಡಿಗೆ ಸೇರತ್ತೆ, ಮೇನ್‌ಲೈನ್ ಅಂತಾರೆ. ಅಲ್ಲಿ ಒಂಬತ್ತು ಹತ್ತು ವಾರಕ್ಕೊಂದು ಹೊಸ ವರ್ಶನ್. ಅಲ್ಲಿ ಸೇರಿದ ಫಿಕ್ಸನ್ನ ಗ್ರೆಗ್ ಕ್ರೋವಾ ಹಾರ್ಟ್‌ಮನ್ ಮತ್ತೆ ಸಾಶಾ ಲೆವಿನ್ ನೋಡ್ಕೊಳ್ಳೋ ಸ್ಟೇಬಲ್ ಕರ್ನಲ್‌ಗಳಿಗೆ ಹಿಂದಕ್ಕೆ ತರ್ತಾರೆ, ಅದು ಹೆಚ್ಚುಕಮ್ಮಿ ವಾರವಾರ ಬಿಡುಗಡೆ ಆಗತ್ತೆ. ಅಲ್ಲಿನ ನಿಯಮ ಬಿಗಿ: ಮೇನ್‌ಲೈನಲ್ಲಿ ಆಗಲೇ ಇರಬೇಕು, ಟೆಸ್ಟ್ ಆಗಿರಬೇಕು, ಅಕ್ಕಪಕ್ಕದ ಸಾಲೂ ಸೇರಿ ನೂರು ಸಾಲು ಮೀರಬಾರದು. ಬಿಡುಗಡೆಗೆ ಮುಂಚೆ ಸುಮಾರು ಎರಡು ದಿನ ಎಲ್ಲರೂ ಓಡಿಸಿ ನೋಡ್ಲಿ ಅಂತ ಬಿಟ್ಟಿರ್ತಾರೆ. ಆಮೇಲೆ ಉಬುಂಟು, ಡೆಬಿಯನ್, ರೆಡ್ ಹ್ಯಾಟ್ ತಮ್ಮ ಕರ್ನಲ್ಲಿಗೆ ಸೇರಿಸಿ ನಿಮಗೆ ಕಳಿಸ್ತಾರೆ. 6.12.8 ತರ ಇರೋ ನಂಬರಲ್ಲಿ ಮೂರನೇದು ಏರ್ತಾ ಇದೆ ಅಂದ್ರೆ ಬರೀ ಫಿಕ್ಸ್ ಬಂದಿದೆ, ಹೊಸ ಫೀಚರ್ ಅಲ್ಲ.

8. ನನ್ನದು 5.15 ತೋರಿಸ್ತಿದೆ, ಎಲ್ಲ ಕಡೆ 6 ಅಂತಿದಾರೆ, ನಾನು ಹಿಂದೆ ಬಿದ್ದಿದೀನಾ?

ಉಬುಂಟು 22.04 ಬಂದಿದ್ದೇ 5.15 ಜೊತೆ, ಡೆಬಿಯನ್ 12 ಬಂದಿದ್ದು 6.1 ಜೊತೆ, ರೆಡ್ ಹ್ಯಾಟ್ 9ರಲ್ಲಿ 5.14. ಶುರುವಿನ ನಂಬರ್ ಹಾಗೇ ಇಟ್ಕೊಂಡು ಒಳಗೆ ಫಿಕ್ಸ್ ಮಾತ್ರ ತುಂಬ್ತಾ ಹೋಗ್ತಾರೆ, ಅದಕ್ಕೆ ಬ್ಯಾಕ್‌ಪೋರ್ಟ್ ಅಂತಾರೆ. ಹಾಗಾಗಿ ಡಿಸ್ಟ್ರೋ ಕರ್ನಲಲ್ಲಿ ನೋಡಬೇಕಾಗಿರೋದು ಡ್ಯಾಶ್ ಆದ ಮೇಲೆ ಬರೋ ನಂಬರ್. ಆಡಿಟ್ ಮಾಡೋಕೆ ಬಂದೋರ ಸ್ಕ್ಯಾನರ್ ಟೂಲು ಶುರುವಿನ ನಂಬರ್ ಮಾತ್ರ ನೋಡಿ ಕೆಂಪು ಗುರುತು ಹಾಕಿದ್ರೆ ಗಾಬರಿ ಆಗಬೇಡಿ, ನಿಮ್ಮ ಡಿಸ್ಟ್ರೋದ ಸೆಕ್ಯುರಿಟಿ ಪೇಜಲ್ಲಿ ಆ ಸಿವಿಇ ನಂಬರ್ ಹಾಕಿ ಹುಡುಕಿ, ಯಾವ ಪ್ಯಾಕೇಜಲ್ಲಿ ಸರಿ ಆಗಿದೆ ಅಂತ ಅಲ್ಲೇ ಇರತ್ತೆ.

ಆದ್ರೆ ಡಿಸ್ಟ್ರೋದ ಸಪೋರ್ಟ್ ಅವಧೀನೇ ಮುಗಿದಿದ್ರೆ ಇದ್ಯಾವ್ದೂ ಅನ್ವಯ ಆಗಲ್ಲ, ವರ್ಶನ್ನೇ ಬದಲಾಯಿಸಬೇಕು.

9. ಈಗ ಕರ್ನಲ್ ಸಿವಿಇ ಸಾವಿರಗಟ್ಟಲೆ ಬರ್ತಿವೆ, ಲಿನಕ್ಸ್ ಹಾಳಾಗ್ತಿದೆಯಾ?

ಇಲ್ಲ, ಎಣಿಸೋ ರೀತಿ ಬದಲಾಗಿದೆ ಅಷ್ಟೆ. 2024ರ ಫೆಬ್ರವರೀಲಿ ಕರ್ನಲ್ ತಂಡಕ್ಕೇ ಸಿವಿಇ ನಂಬರ್ ಕೊಡೋ ಅಧಿಕಾರ ಬಂತು. ಕರ್ನಲ್ ಮಟ್ಟದಲ್ಲಿ ಯಾವ ಬಗ್ ಯಾವಾಗ ಸೆಕ್ಯುರಿಟಿ ಲೋಪ ಆಗತ್ತೆ ಹೇಳೋಕಾಗಲ್ಲ ಅನ್ನೋದು ಅವರ ನಿಲುವು, ಹಾಗಾಗಿ ಸ್ವಲ್ಪ ಅನುಮಾನ ಇದ್ರೂ ನಂಬರ್ ಕೊಡ್ತಾರೆ. ಡರ್ಟಿ ಪೈಪ್ ನೋಡಿದ ಮೇಲೆ ನನಗೆ ಈ ನಿಲುವು ಸರಿ ಅನ್ಸತ್ತೆ. ನೀವು ಒಂದೊಂದೇ ಸಿವಿಇ ಓದ್ತಾ ಕೂರೋಕೆ ಹೋಗಬೇಡಿ, ಇಡೀ ಅಪ್‌ಡೇಟ್ ಹಾಕಿ.

10. ಅಪ್‌ಡೇಟೇ ಸಿಸ್ಟಮ್ ಕೆಡಿಸಿದ್ರೆ?

ಆಗಿದೆ, ಮುಚ್ಚಿಡೋದಿಲ್ಲ. 2023ರ ನವೆಂಬರಲ್ಲಿ 6.1.64 ಕರ್ನಲ್ಲಿಗೆ ಒಂದು ಪ್ಯಾಚ್ ಹಿಂದಕ್ಕೆ ತಂದಾಗ ಅದರ ಜೊತೆ ಬೇಕಿದ್ದ ಇನ್ನೊಂದು ಪ್ಯಾಚ್ ಬಿಟ್ಟುಹೋಗಿ, ಎಕ್ಸ್‌ಟಿ4 ಫೈಲ್ ಸಿಸ್ಟಮಲ್ಲಿ ಡೇಟಾ ಕೆಡೋ ಸಾಧ್ಯತೆ ಬಂತು. ಡೆಬಿಯನ್ ತಂಡ 12.3 ಬಿಡುಗಡೆಯನ್ನ ಅಲ್ಲಿಗೇ ನಿಲ್ಲಿಸಿ, ಸರಿಪಡಿಸಿದ 6.1.66 ಹಾಕಿ ಡಿಸೆಂಬರ್ 10ಕ್ಕೆ ನೇರ 12.4 ಬಿಟ್ರು. ಹಾಗಂತ ಅಪ್‌ಡೇಟೇ ಬೇಡ ಅನ್ನೋದು ತಪ್ಪು ಪಾಠ. ನನ್ನ ಪದ್ಧತಿ ಹೀಗಿದೆ: ಮನೆ ಮಶೀನಿಗೆ ಬಂದ ವಾರದಲ್ಲೇ ಹಾಕ್ತೀನಿ, ಹತ್ತು ಸರ್ವರ್ ಇದ್ರೆ ಅಷ್ಟೇನೂ ಮುಖ್ಯ ಅಲ್ಲದ ಒಂದಕ್ಕೆ ಮೊದಲು ಹಾಕಿ ಒಂದು ದಿನ ಓಡಿಸಿ ಆಮೇಲೆ ಉಳಿದದ್ದಕ್ಕೆ, ದಾಳಿ ನಡೀತಿದೆ ಅಂತ ಸುದ್ದಿ ಇದ್ರೆ ಆ ಒಂದು ದಿನಾನೂ ಕಾಯಲ್ಲ. ಬ್ಯಾಕಪ್ ಮಾತ್ರ ಯಾವಾಗ್ಲೂ ಇರಬೇಕು.

11. ಅಪ್‌ಡೇಟ್ ಆದ ಮೇಲೆ ಸ್ಕ್ರೀನ್ ಕಪ್ಪು, ಏನು ಮಾಡ್ಲಿ?

ಹಳೇ ಕರ್ನಲ್ ಇನ್ನೂ ಡಿಸ್ಕಲ್ಲೇ ಇದೆ, ಹೆದರಬೇಡಿ. ಆನ್ ಮಾಡುವಾಗ ಎಸ್ಕೇಪ್ ಅಥವಾ ಶಿಫ್ಟ್ ಒತ್ತಿ, ಯಾವ ಕರ್ನಲ್ ಬೂಟ್ ಆಗ್ಬೇಕು ಅಂತ ಆರಿಸೋ ಗ್ರಬ್ ಮೆನು ತನ್ನಿ, ಅಡ್ವಾನ್ಸ್ಡ್ ಆಪ್ಶನ್ಸ್ ಒಳಗೆ ಹೋಗಿ ಹಿಂದಿನ ನಂಬರಿನ ಕರ್ನಲ್ ಆರಿಸಿ. ನಾನು ನೋಡಿರೋದ್ರಲ್ಲಿ ಹೆಚ್ಚಿನವು ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹೊಸ ಕರ್ನಲ್ಲಿಗೆ ಬಿಲ್ಡ್ ಆಗದೆ ಇರೋದು, ಇಲ್ಲಾ ಸೆಕ್ಯೂರ್ ಬೂಟ್ ಆನ್ ಇದ್ದು ಡ್ರೈವರಿಗೆ ಸೈನ್ ಇಲ್ಲದೆ ಕರ್ನಲ್ ಅದನ್ನ ಒಳಗೆ ಬಿಟ್ಟುಕೊಳ್ಳದೆ ಇರೋದು. ಹಳೇ ಕರ್ನಲಲ್ಲಿ ಒಳಗೆ ಹೋಗಿ ಡ್ರೈವರ್ ಮತ್ತೆ ಇನ್‌ಸ್ಟಾಲ್ ಮಾಡಿ, ಹೊಸದಕ್ಕೆ ರೀಬೂಟ್ ಮಾಡಿ. ಅಲ್ಲೇ ಹಳೇದ್ರಲ್ಲೇ ಉಳ್ಕೊಂಡುಬಿಡಬೇಡಿ.

12. ಬೂಟ್ ಪಾರ್ಟಿಶನ್ ತುಂಬಿದೆ ಅಂತ ಬರ್ತಿದೆ

ಕರ್ನಲ್ ಫೈಲುಗಳು ಕೂರೋ ಡಿಸ್ಕಿನ ಭಾಗ ಅದು, ಇದನ್ನ ಕಡೆಗಣಿಸಬೇಡಿ. ಶಿವಮೊಗ್ಗ ಕಡೆಯ ಒಂದು ಸಣ್ಣ ಆಫೀಸಿನ ಫೈಲ್ ಸರ್ವರ್ ನಿಧಾನ ಆಗಿದೆ ಅಂತ ನನ್ನನ್ನ ಕರೆದಿದ್ರು. ಟೇಬಲ್ ಕೆಳಗೆ ಧೂಳು ಹಿಡಿದ ಕ್ಯಾಬಿನೆಟ್ಟು, ಪಕ್ಕದಲ್ಲಿ ಯುಪಿಎಸ್ಸು, ಕೀಬೋರ್ಡ್ ಹುಡುಕಿ ತಂದು ಸಿಕ್ಕಿಸಿದ್ರು. ನಾನು ಹೋಗಿದ್ದು ನವೆಂಬರಲ್ಲಿ, ಯೂನೇಮ್ ತೋರಿಸಿದ್ದು ಏಪ್ರಿಲ್ ತಿಂಗಳ ಕರ್ನಲ್. ರೀಬೂಟ್ ಅಂತೂ ಆಗ್ತಾನೇ ಇತ್ತು, ಕರೆಂಟ್ ಹೋಗಿ ಬಂದಾಗೆಲ್ಲ. ಮತ್ಯಾಕೆ ಅಂತ ನೋಡಿದ್ರೆ ಬೂಟ್ ಪಾರ್ಟಿಶನ್ ನೂರಕ್ಕೆ ನೂರು ತುಂಬಿತ್ತು, ಹಳೇ ಕರ್ನಲ್‌ಗಳು ಸಾಲಾಗಿ ಕೂತಿದ್ವು, ಹೊಸದು ಪ್ರತಿ ಸಲ ಬಂದು ಜಾಗ ಇಲ್ಲ ಅಂತ ಅರ್ಧಕ್ಕೇ ನಿಂತುಹೋಗ್ತಿತ್ತು, ಆ ಎರರ್ ಲಾಗಲ್ಲಿ ಏಳು ತಿಂಗಳಿಂದ ಬರ್ತಾನೇ ಇತ್ತು. ಯಾರೂ ಲಾಗ್ ತೆಗೆದು ನೋಡಿರ್ಲಿಲ್ಲ. ಅಲ್ಲಿದ್ದೋರು, ಸಾರ್, ಆಟೋಮ್ಯಾಟಿಕ್ ಅಪ್‌ಡೇಟ್ ಆನ್ ಇದೆಯಲ್ಲ ಅಂದ್ರು. ಹೌದು, ಆನ್ ಇತ್ತು.

ಉಬುಂಟು, ಡೆಬಿಯನ್‌ನಲ್ಲಿ ಆಪ್ಟ್ ಆಟೋರಿಮೂವ್ (apt autoremove) ಕಮ್ಯಾಂಡ್ ಕೊಟ್ರೆ ಬೇಡದ ಹಳೇ ಕರ್ನಲ್‌ಗಳನ್ನ ಅದೇ ತೆಗೆಯತ್ತೆ. ಬೂಟ್ ಫೋಲ್ಡರಿಗೆ ಕೈ ಹಾಕಿ ಫೈಲ್ ಡಿಲೀಟ್ ಮಾಡಬೇಡಿ, ಈಗ ಓಡ್ತಿರೋ ಕರ್ನಲ್ ಪ್ಯಾಕೇಜನ್ನಂತೂ ಮುಟ್ಟಲೇಬೇಡಿ. ಹೊಸದು, ಅದರ ಹಿಂದಿನದು, ಎರಡು ಇದ್ರೆ ಸಾಕು.

13. ಅಪ್‌ಡೇಟ್ ನಡೀತಿರುವಾಗಲೇ ಕರೆಂಟ್ ಹೋಯ್ತು!

ಮಳೆಗಾಲದಲ್ಲಿ ಇದು ಮಾಮೂಲು. ಕರೆಂಟ್ ಬಂದ ಮೇಲೆ ಗ್ರಬ್ಬಿಂದ ಹಳೇ ಕರ್ನಲ್ ಆರಿಸಿ ಒಳಗೆ ಹೋಗಿ, ಉಬುಂಟು, ಡೆಬಿಯನ್‌ನಲ್ಲಿ ಪ್ಯಾಕೇಜ್ ಇನ್‌ಸ್ಟಾಲ್ ಮಾಡೋ ಡಿಪಿಕೆಜಿಯ ಕಾನ್ಫಿಗರ್ ಆಲ್ ಕಮ್ಯಾಂಡ್ (dpkg --configure -a) ಓಡಿಸಿದ್ರೆ ಅರ್ಧಕ್ಕೆ ನಿಂತಿದ್ದು ಮುಂದುವರಿಯತ್ತೆ. ಲ್ಯಾಪ್‌ಟಾಪಾದ್ರೆ ಬ್ಯಾಟರಿ ಅರ್ಧಕ್ಕಿಂತ ಮೇಲಿದ್ದಾಗ ಮಾತ್ರ ಶುರು ಮಾಡಿ.

14. ಸ್ಪೆಕ್ಟರ್ ಮೆಲ್ಟ್‌ಡೌನ್ ಫಿಕ್ಸ್ ಆಫ್ ಮಾಡಿದ್ರೆ ಸ್ಪೀಡ್ ಬರತ್ತಂತೆ?

2018ರ ಜನವರೀಲಿ ಬಯಲಾದ ಈ ಲೋಪಗಳು ಪ್ರೊಸೆಸರ್ರಿಂದು, ಹಾರ್ಡ್‌ವೇರ್ ಬದಲಾಯಿಸೋಕಾಗಲ್ಲ ಅಂತ ಕರ್ನಲಲ್ಲಿ ತಡೆ ಹಾಕಿದ್ರು. ಮೆಲ್ಟ್‌ಡೌನಿಗೆ ಕರ್ನಲಿನ ಮೆಮೊರಿ ಪೇಜ್ ಟೇಬಲನ್ನ (ಮೆಮೊರೀಲಿ ಯಾವ್ದು ಎಲ್ಲಿದೆ ಅನ್ನೋ ಪಟ್ಟಿ) ಪ್ರೋಗ್ರಾಮ್‌ಗಳದ್ದರಿಂದ ಬೇರೆ ಮಾಡಿದ್ರು, ಪ್ರತಿ ಸಲ ಕರ್ನಲ್ ಒಳಗೆ ಹೋಗಿ ಬರುವಾಗ ಅದನ್ನ ಬದಲಾಯಿಸ್ಬೇಕು, ಅದಕ್ಕೆ ಟೈಮ್ ಹಿಡಿಯತ್ತೆ, ನಿಜ. ಆದ್ರೆ ಬ್ರೌಸರ್ ಓಡಿಸೋ ಮಶೀನಲ್ಲಿ ಆಫ್ ಮಾಡಬೇಡಿ, ಅಲ್ಲಿ ಗುರುತಿಲ್ಲದೋರ ಕೋಡ್ ದಿನಾ ಓಡ್ತಿರತ್ತೆ.

15. ರೀಬೂಟ್ ಮಾಡೋಕೇ ಆಗಲ್ಲ, ದಿನಪೂರ್ತಿ ಕೆಲಸ ಇರತ್ತೆ

ಲೈವ್‌ಪ್ಯಾಚ್ ಇದೆ. ಓಡ್ತಿರೋ ಕರ್ನಲಲ್ಲೇ ತಪ್ಪಿರೋ ಫಂಕ್ಷನ್ ಬದಲು ಸರಿಯಾದ ಫಂಕ್ಷನ್ನಿಗೆ ದಾರಿ ತಿರುಗಿಸೋದು. 2015ರ 4.0 ಕರ್ನಲಲ್ಲಿ ಇದಕ್ಕೆ ಬುನಾದಿ ಸೇರ್ತು. ಉಬುಂಟು ಪ್ರೋ ಸ್ವಂತ ಬಳಕೆಗೆ ಐದು ಮಶೀನ್ ತನಕ ಫ್ರೀ, ಅದರಲ್ಲೇ ಲೈವ್‌ಪ್ಯಾಚೂ ಬರತ್ತೆ. ಇದು ಗಂಭೀರ ಲೋಪಗಳಿಗೆ ಮಾತ್ರ, ಎಲ್ಲ ಫಿಕ್ಸೂ ಹೀಗೆ ಬರಲ್ಲ, ಹಾಗಾಗಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ರೀಬೂಟಿಗೆ ಅಂತ ಇಟ್ಕೊಳ್ಳಿ.

16. ಡಾಕರ್ ಇಮೇಜ್ ಹೊಸದು ಹಾಕಿದೀನಿ, ಸಾಕಾ?

ಸಾಲದು. ಡಾಕರ್ ಪ್ರೋಗ್ರಾಮ್‌ಗಳನ್ನ ಕಂಟೇನರ್ ಅನ್ನೋ ಬೇರೆ ಬೇರೆ ಪೆಟ್ಟಿಗೇಲಿಟ್ಟು ಓಡಿಸತ್ತೆ, ಆ ಕಂಟೇನರ್ ಒಳಗೆ ಕರ್ನಲ್ ಇರಲ್ಲ, ಎಲ್ಲ ಕಂಟೇನರೂ ಕೆಳಗಿರೋ ಮಶೀನಿನ ಒಂದೇ ಕರ್ನಲ್ ಬಳಸತ್ತೆ.

17. ಮೊಬೈಲ್?

ಆಂಡ್ರಾಯ್ಡೂ ಲಿನಕ್ಸ್ ಕರ್ನಲ್ಲೇ, ಡರ್ಟಿ ಪೈಪ್ ಬಂದಾಗ ಆಗಿನ ಹೊಸ ಪಿಕ್ಸೆಲ್ 6, ಗ್ಯಾಲಕ್ಸಿ ಎಸ್22 ಎರಡಕ್ಕೂ ತಾಗಿತ್ತು. ಸೆಟ್ಟಿಂಗ್ಸಲ್ಲಿ ಅಬೌಟ್ ಫೋನ್ ಒಳಗೆ ಸೆಕ್ಯುರಿಟಿ ಪ್ಯಾಚ್ ತಾರೀಕು ನೋಡಿ. ತಿಂಗಳ 1ನೇ ತಾರೀಕು ತೋರಿಸಿದ್ರೆ ಆಂಡ್ರಾಯ್ಡ್ ಭಾಗದ ಫಿಕ್ಸ್‌ಗಳು, 5 ಇದ್ರೆ ಕರ್ನಲ್ ಮತ್ತೆ ಚಿಪ್ ಕಂಪನಿಗಳ ಫಿಕ್ಸ್‌ಗಳೂ ಸೇರಿವೆ ಅಂತ. ತಾರೀಕು ಒಂದು ವರ್ಷ ಹಿಂದಿಂದಾಗಿದ್ದು ಹೊಸದು ಬರ್ತಾನೇ ಇಲ್ಲ ಅಂದ್ರೆ ಆ ಫೋನಲ್ಲಿ ಬ್ಯಾಂಕ್ ಆಪ್ ಇಟ್ಕೊಳ್ಳದೆ ಇರೋದು ಒಳ್ಳೇದು.

18. ನನಗೇ ಒಂದು ಕರ್ನಲ್ ಬಗ್ ಸಿಕ್ಕಿದೆ, ಯಾರಿಗೆ ಹೇಳೋದು?

ಮೊದಲು ನಿಮ್ಮ ಡಿಸ್ಟ್ರೋಗೆ. ಕರ್ನಲ್ಲಿನ ಮೆಸೇಜುಗಳನ್ನ ತೋರಿಸೋ ಡೀಮೆಸ್ಸೇಜ್ (dmesg) ಕಮ್ಯಾಂಡಿನ ಔಟ್‌ಪುಟ್ ಪೂರ್ತಿ ಕೊಡಿ, ಸ್ಕ್ರೀನ್ ಫೋಟೋ ಸಾಲದು. ಯಾವ ವರ್ಶನಲ್ಲಿ ಸರಿ ಇತ್ತು, ಯಾವ್ದರಲ್ಲಿ ಕೆಟ್ಟಿತು ಅನ್ನೋದು ಎಲ್ಲಕ್ಕಿಂತ ಮುಖ್ಯ. ಸೆಕ್ಯುರಿಟಿ ಲೋಪ ಅನ್ನಿಸಿದ್ರೆ ಎಲ್ಲೂ ಬಹಿರಂಗ ಮಾಡದೆ ಕರ್ನಲ್ ಸೆಕ್ಯುರಿಟಿ ತಂಡಕ್ಕೆ ಮೇಲ್ ಮಾಡಿ, ಡರ್ಟಿ ಪೈಪಿಗೆ ಅವರು ಕೆಲವೇ ದಿನದಲ್ಲಿ ಫಿಕ್ಸ್ ಬಿಟ್ಟಿದ್ರು.

ಸ್ವಲ್ಪ ಧೈರ್ಯ, ಒಂದು ರಜಾ ದಿನ ಎರಡೂ ಇದ್ರೆ ತಪ್ಪು ತಂದ ಪ್ಯಾಚ್ ಯಾವ್ದು ಅಂತ ಹುಡುಕೋ ಗಿಟ್ ಬೈಸೆಕ್ಟ್ ಕಲೀರಿ. ಸರಿ ಇದ್ದ ವರ್ಶನ್ನು, ಕೆಟ್ಟ ವರ್ಶನ್ನು ಹೇಳಿದ್ರೆ ಅದು ಮಧ್ಯದ್ದನ್ನ ಕೊಡತ್ತೆ, ಕಂಪೈಲ್ ಮಾಡಿ ಬೂಟ್ ಮಾಡಿ ಸರಿ ಇದ್ಯಾ ಕೆಟ್ಟಿದ್ಯಾ ಅಂತ ಹೇಳ್ಬೇಕು, ಮತ್ತೆ ಉಳಿದ ಅರ್ಧದ ಮಧ್ಯದ್ದನ್ನ ಕೊಡತ್ತೆ. ನಡುವೆ ಸಾವಿರ ಪ್ಯಾಚ್ ಇದ್ರೂ ಹತ್ತು ಸಲಕ್ಕೆ ತಪ್ಪಿತಸ್ಥ ಪ್ಯಾಚ್ ಸಿಕ್ಕಿಬಿಡತ್ತೆ. ಆ ಪ್ಯಾಚಿನ ಗುರುತಿನ ನಂಬರ್ ಹಾಕಿ ಬರೆದ ರಿಪೋರ್ಟನ್ನ ಡೆವಲಪರ್‌ಗಳು ಬೇಗ ತೆಗೊಳ್ತಾರೆ, ಫಿಕ್ಸ್ ಆದಾಗ ರಿಪೋರ್ಟೆಡ್ ಬೈ ಅನ್ನೋ ಸಾಲಲ್ಲಿ ನಿಮ್ಮ ಹೆಸರೂ ಸೇರತ್ತೆ.